ಗೂಡಿನಲ್ಲಿ ಇಬ್ಬರಿಗೂ ಜಾಗವಿತ್ತು

ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ದೇವದುರ್ಗದ ನಮ್ಮ ಮಣ್ಣಿನ ಮನೆ, ಅದಕ್ಕಿಂತ ಮೊದಲು ಆಯಿಯ ಹಣೆ, ಕಣ್ಣೆದುರು ಬರುತ್ತದೆ. ಆಯಿ ಎಂದರೆ ಅಪ್ಪನ ತಾಯಿ. ನಿಮ್ಮ ಮನೆಯಲ್ಲೂ ಅಂಥವಳೊಬ್ಬಳು ಇದ್ದಿರಬೇಕು. ನಿಜಾಮನ ಆಳ್ವಿಕೆಯ ಕಡೆಯ ವರ್ಷಗಳವು. ಕೂಲಿಯವರ ಓಣಿಯಲ್ಲಿ ನಾಲ್ಕಾರು ಮನೆಯವರು ಕ್ರೈಸ್ತರಾಗಿದ್ದೆವು. ಅಪ್ಪ ಓದು ಕಲಿತು ಉಪದೇಶಿಯಾಗಿ ಭಾನುವಾರದ ಪ್ರಾರ್ಥನೆ ನಡೆಸುತ್ತಿದ್ದ. ಆಯಿಯೂ ದೀಕ್ಷಾಸ್ನಾನ ಪಡೆದವಳೇ, ಹಾಡಿಗೆ ಎಲ್ಲರಿಗಿಂತ ಮೊದಲು ದನಿ ಎತ್ತುವವಳೇ. ಆದರೆ ಬೆಳಿಗ್ಗೆ ಮುಖ ತೊಳೆದ ಕೂಡಲೇ ಹಣೆಯ ತುಂಬ ಎಲ್ಲಮ್ಮನ ಭಂಡಾರ, ಆ ಹಳದಿ ಅರಿಶಿನದ ಪುಡಿ, ಹಚ್ಚಲೇಬೇಕು. ಗೋಡೆಯ ಗೂಡಿನಲ್ಲಿದ್ದ ದೇವಿಯನ್ನು ತೆಗೆದು ಅಪ್ಪ ಅಲ್ಲಿ ಪ್ರಾರ್ಥನೆಯ ಪುಸ್ತಕ ಇಟ್ಟ ದಿನ ಅವಳು, "ಯೇಸಪ್ಪ ಬ್ಯಾಡ ಅಂದೀನೇನು ನಾ? ಆತನೂ ಇರ್ಲಿ, ಆಕಿನೂ ಇರ್ಲಿ. ಗೂಡಿನ್ಯಾಗ ಜಾಗಾ ಅದ ಅಲ್ಲೋ ಯಪ್ಪಾ!" ಎಂದಿದ್ದಳು. ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಅಪ್ಪ ನಗಲಿಲ್ಲ.

ಒಂದು ಕ್ರಿಸ್ಮಸ್ಸಿಗೆ ಮುಂಚೆ, ರಾಯಚೂರಿನಿಂದ ಮಿಷನ್ನಿನ ಬಿಳಿಯ ಪಾದ್ರಿ ದೊರೆಗಳು ನಮ್ಮ ಮನೆಗೆ ಬರುವರೆಂದು ಸುದ್ದಿ ಬಂತು. ಉಪದೇಶಿಯ ಮನೆಯಲ್ಲೇ ಭಂಡಾರ ಕಂಡರೆ ಕೆಲಸ ಉಳಿಯುವುದಿಲ್ಲ. ಮಾನ್ವಿ ಕಡೆಯ ಒಬ್ಬ ಉಪದೇಶಿಗೆ ಹಾಗೆಯೇ ಆಗಿತ್ತು. ಗೋಡೆಗೆಲ್ಲ ಸುಣ್ಣ ಬಳಿದದ್ದಾಯಿತು. "ಇವತ್ತೊಂದಿನ ಒರಸ್ಕೋ ಯವ್ವಾ" ಎಂದು ಅಪ್ಪ ಬೇಡಿಕೊಂಡ.

"ನಿನ್ನ ಹಡದಾಗ್ಲೂ ಹಣಿಮ್ಯಾಲ ಇದಾ ಇತ್ತು. ಬಳದು ಬೆಳ್ಳಗ ಮಾಡಾಕ ನಾ ಏನು ಗ್ವಾಡಿ ಏನು ಲೇ?"

ದೊರೆಗಳ ಬಂಡಿ ಓಣಿಯ ತುದಿಯಲ್ಲಿ ಕಂಡಾಗ ಅಪ್ಪ ಅವಳ ರಟ್ಟೆ ಹಿಡಿದು ಕರೆದೊಯ್ದು, ಹಿತ್ತಲಲ್ಲಿ ಆಡು ಕಟ್ಟುವ ಚಪ್ಪರದಡಿ ಕೂಡಿಸಿ, ಹಿಂಬಾಗಿಲು ಹಾಕಿಕೊಂಡ.

ದೊರೆಗಳು ಕುಳಿತರು, ಮಜ್ಜಿಗೆ ಕುಡಿದರು. "ನಿಮ್ಮ ತಾಯಿಯವರು ಎಲ್ಲಿ? ಅವರ ಹಾಡು ಕೇಳಲು ಬಂದೆ" ಎಂದರು, ಒಂದೊಂದೇ ಮಾತು ಜೋಡಿಸುತ್ತ.

"ಚಂದ್ರಬಂಡ ಊರಿಗೆ ಹೋಗ್ಯಾಳ್ರಿ, ಮಗಳ ಮನಿಗೆ" ಎಂದ ಅಪ್ಪ.

ಹಿತ್ತಲಿಂದ ಆಯಿಯ ಕೆಮ್ಮು ಕೇಳಿಸಿತು. ದೊರೆಗಳು ಬಾಗಿಲ ಕಡೆ ನೋಡಿದರು, ಅಪ್ಪನ ಮುಖ ನೋಡಿದರು, ಮತ್ತೆ ಕೇಳಲಿಲ್ಲ. ಅವರು ಕೇಳದೆ ಹೋದದ್ದೇ ಅಪ್ಪನನ್ನು ನಾಚಿಕೆಯಿಂದ ನೆಲಕ್ಕಿಳಿಸಿತು.

ಬಂಡಿ ಹೋದ ಮೇಲೆ ಅಪ್ಪ ಬಾಗಿಲು ತೆಗೆದ. ಆಯಿ ತೊಡೆಯ ಮೇಲೆ ಆಡಿನ ಮರಿ ಇಟ್ಟುಕೊಂಡು ಕುಳಿತಿದ್ದಳು. ಹಣೆ ಬರಿದಾಗಿತ್ತು, ಸೆರಗಿನ ತುದಿ ಹಳದಿಯಾಗಿತ್ತು. "ಒರಸ್ಕೊಂಡೀನಿ. ಈಗರ ಒಳಗ ಬರ್ಲೇನು?" ಎಂದಳು. ಅದರಲ್ಲಿ ಕೊಂಕಿರಲಿಲ್ಲ. ಪರರ ಮನೆಯ ಹೊಸ್ತಿಲಲ್ಲಿ ನಿಂತವರು ಕೇಳುವ ಹಾಗೆ ಕೇಳಿದಳು.

ಮುಂದಿನ ಸಂತೆಯಲ್ಲಿ ಅಪ್ಪ ನಾಲ್ಕು ಜನರ ಕಣ್ಣೆದುರೇ ಭಂಡಾರದ ಪೊಟ್ಟಣ ಕೊಂಡು ತಂದು ಅವಳ ಕೈಗಿಟ್ಟ. "ಇರ್ಲಿ ಬಿಡಪ್ಪಾ" ಎಂದವಳು ಅದನ್ನು ಅಡುಗೆಯ ಅರಿಶಿನದ ಡಬ್ಬಿಗೆ ಸುರಿದಳು. ಸಾಯುವತನಕ ಹಣೆಗೆ ಏನನ್ನೂ ಮುಟ್ಟಿಸಲಿಲ್ಲ. ಪ್ರಾರ್ಥನೆಗೆ ಬರುತ್ತಿದ್ದಳು, ಹಾಡುತ್ತಿರಲಿಲ್ಲ.

ನನ್ನ ಮಕ್ಕಳು ಈಗ ಗುಡಿಗೂ ಹೋಗರು, ಚರ್ಚಿಗೂ ಹೋಗರು. ಅದರ ಬಗ್ಗೆ ಅವರಿಗೆ ಅಳುಕೂ ಇಲ್ಲ, ನಾಚಿಕೆಯೂ ಇಲ್ಲ. ಮೊನ್ನೆ ಮೊಮ್ಮಗಳು, ನಿಮ್ಮ ಆಯಿಯ ದೇವರು ಯಾವುದು ಎಂದು ಸುಮ್ಮನೆ ಕೇಳಿದಳು. ನಾವು ಆಯಿಗೆ ಒಂದು ದೇವರನ್ನೂ ಉಳಿಸಿರಲಿಲ್ಲ.