ಇಪ್ಪತ್ತೈದು ಶಬ್ದಗಳ ಒಂದು ಕಟ್ಟು

ನಾನು ಚಿಕ್ಕವನಿದ್ದಾಗಲೂ ಈಗಿನಷ್ಟೇ ಚಿಂತೆ ಮಾಡುತ್ತಿದ್ದೆ; ಚಿಂತೆಗಳು ಮಾತ್ರ ಚಿಕ್ಕವಿದ್ದವು. ಚಡ್ಡಿಯ ಗುಂಡಿ ಶಾಲೆಯಲ್ಲೇ ಕಿತ್ತುಬಿದ್ದರೆ ಏನು ಗತಿ, ಪ್ರಾರ್ಥನೆಯ ಹೊತ್ತಿಗೆ ಸೀನು ಬಂದರೆ ಏನು ಗತಿ, ಹೀಗೆ. ಐದನೆಯ ತರಗತಿಗೆ ಬಂದ ಮೇಲೆ ಇವುಗಳ ಜೊತೆಗೆ ಇಂಗ್ಲಿಷ್ ಸೇರಿಕೊಂಡಿತು. ಆಗೆಲ್ಲ ಎಬಿಸಿಡಿ ಶುರುವಾಗುತ್ತಿದ್ದುದೇ ಐದನೆಯ ತರಗತಿಯಲ್ಲಿ.

ನಮ್ಮದು ನಿಪ್ಪಾಣಿಯ ಹತ್ತಿರದ ಹಳ್ಳಿ. ಗಾಳಿ ಬೀಸಿದರೆ ತಂಬಾಕಿನ ಘಾಟು ಮೂಗಿಗೆ ಹತ್ತುತ್ತಿತ್ತು. ಮನೆಮನೆಯಲ್ಲೂ ಹೆಣ್ಣುಮಕ್ಕಳು ಬೀಡಿ ಕಟ್ಟುತ್ತಿದ್ದರು. ನಮ್ಮ ಅಕ್ಕನೂ ಕಟ್ಟುತ್ತಿದ್ದಳು. ಏಳನೆಯ ತರಗತಿ ಪಾಸಾಗಿ ಮನೆಯಲ್ಲೇ ಉಳಿದಿದ್ದಳು. ಹೈಸ್ಕೂಲು ನಿಪ್ಪಾಣಿಯಲ್ಲಿತ್ತು, ಮಗಳನ್ನು ಒಬ್ಬಳೇ ಬಸ್ಸು ಹತ್ತಿಸಲು ಅಪ್ಪನಿಗೆ ಧೈರ್ಯ ಸಾಲಲಿಲ್ಲ. ಚಿಂತೆ ಮಾಡುವ ಗುಣ ನನಗೆ ಯಾರಿಂದ ಬಂತೆಂದು ನಿಮಗೀಗ ತಿಳಿದಿರಬೇಕು, ಮಕ್ಕಳೇ.

ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಒರಗಿ, ತೊಡೆಯ ಮೇಲೆ ಮೊರ ಇಟ್ಟುಕೊಂಡು ಅಕ್ಕ ಕೂರುತ್ತಿದ್ದಳು. ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಎಲೆ ತೆಗೆದು, ಅದರ ಮೇಲೆ ತಗಡಿನ ಅಳತೆ ಇಟ್ಟು ಕತ್ತರಿಸುತ್ತಿದ್ದಳು. ಒಂದು ಚಿಟಿಕೆ ತಂಬಾಕು ಹಾಕಿ ಸುರುಳಿ ಸುತ್ತುತ್ತಿದ್ದಳು. ತುದಿಯನ್ನು ಉಗುರಿನಿಂದ ಒಳಕ್ಕೆ ಮಡಚಿ, ದಾರ ಕಟ್ಟುತ್ತಿದ್ದಳು. ಎಲ್ಲ ಬೀಡಿಯೂ ಒಂದೇ ಉದ್ದ, ಎಲ್ಲದರ ತುದಿಯೂ ಒಂದೇ ರೀತಿ. ಇಪ್ಪತ್ತೈದಾದರೆ ಒಂದು ಕಟ್ಟು. ಕಾರ್ಖಾನೆಯಲ್ಲಿ ಚೆಕ್ಕರ್ ಕಟ್ಟು ಬಿಚ್ಚಿ ನೋಡಿ, ಗಿಡ್ಡದ್ದು, ಸಡಿಲಾದದ್ದು ಸಿಕ್ಕರೆ ಮುರಿದು ಪಕ್ಕಕ್ಕೆ ಎಸೆಯುತ್ತಿದ್ದ. ಹಾಗೆ ಎಸೆದದ್ದಕ್ಕೆ ‘ಛಾಟ್’ ಎನ್ನುತ್ತಿದ್ದರು. ಅಕ್ಕನ ಕಟ್ಟಿನಲ್ಲಿ ಛಾಟ್ ಸಿಗುವುದು ಅಪರೂಪ.

ಒಂದು ಶನಿವಾರ ಮಾಸ್ತರು ಒಂದು ಪಂದ್ಯ ಹೇಳಿದರು. ಒಂದೇ ಉದ್ದದ, ಒಂದೇ ರೀತಿ ಮುಗಿಯುವ ಇಂಗ್ಲಿಷ್ ಶಬ್ದಗಳನ್ನು ಸೋಮವಾರ ಬರೆದು ತರಬೇಕು. ಯಾರದು ಹೆಚ್ಚೋ ಅವರು ಶಾಲೆಯ ಇಂಗ್ಲಿಷ್ ಡಿಕ್ಷನರಿಯನ್ನು ಒಂದು ವಾರ ಮನೆಗೆ ಒಯ್ಯಬಹುದು. ಮನೆಗೆ ಬಂದು ಇದನ್ನು ಹೇಳಿದೆ. ಅಕ್ಕನ ಕೈ ನಿಂತುಬಿಟ್ಟಿತು. ಶಾಲೆಯಲ್ಲಿದ್ದಾಗ ಮೂರು ವರ್ಷ ಅದನ್ನಿಟ್ಟ ಕಪಾಟಿನ ಗಾಜು ಒರೆಸಿದವಳು ಅವಳೇ. ಒಳಗಿದ್ದ ಡಿಕ್ಷನರಿಯನ್ನು ಒಮ್ಮೆಯೂ ಮುಟ್ಟಿರಲಿಲ್ಲ.

“ಹೆಂಗರ ಮಾಡಿ ಅದನ್ನ ಮನಿಗೆ ತರಬೇಕ ನೋಡಪಾ ನೀ” ಅಂದಳು. ಅಷ್ಟು ಮೆತ್ತಗೆ ಅವಳು ನನ್ನನ್ನು ಏನೂ ಕೇಳಿದ್ದೇ ಇಲ್ಲ.

ಭಾನುವಾರ ಅವಳ ಪಕ್ಕ ಪಾಟಿ, ಬಳಪ ಹಿಡಿದು ಕೂತೆ. ಪಾಠದಲ್ಲಿದ್ದ ಬುಕ್, ಲುಕ್, ಕುಕ್ ಬರೆದೆ. ಮುಂದೆ ದಾರಿ ಕಾಣಲಿಲ್ಲ. ಅಕ್ಕ ಬೀಡಿ ಸುತ್ತುತ್ತಲೇ ಪಾಟಿಯತ್ತ ನೋಡಿದಳು. ಹಿಂದಿನ ಓ, ಓ, ಕೆ ಮೂರು ಅಕ್ಷರ ಬದಲಾಗುವುದಿಲ್ಲವಲ್ಲ, ಹಾಗಾದರೆ ಮುಂದಿನದೊಂದನ್ನೇ ಬದಲಿಸುತ್ತ ಹೋಗು ಅಂದಳು. ಎಯಿಂದ ಹಿಡಿದು ಒಂದೊಂದೇ ಅಕ್ಷರ ಹೇಳತೊಡಗಿದಳು. ಒಂದು ಬೀಡಿಗೆ ಒಂದು ಶಬ್ದ. ಡುಕ್ ಆಯಿತು, ಗುಕ್ ಆಯಿತು, ಹುಕ್, ಜುಕ್, ಮುಕ್ ಎಲ್ಲ ಆದವು. ಒಟ್ಟು ಇಪ್ಪತ್ತಾರು ಅಕ್ಷರ. ಕಟ್ಟಿಗೆ ಇಪ್ಪತ್ತೈದೇ ಇರಬೇಕೆಂದು, ಬಾಯಿಗೆ ಬಗ್ಗದ ಎಕ್ಸ್ ಅನ್ನು ಅವಳೇ ತೆಗೆದುಹಾಕಿದಳು.

ಇವಕ್ಕೆಲ್ಲ ಅರ್ಥ ಇದೆಯೇ ಎಂದು ನಾನು ಮೂರು ಸಲ ಕೇಳಿದೆ.

“ಅಳತಿ ಒಂದ ಐತಿ, ತುದಿ ಒಂದ ಐತಿ. ಇನ್ನೇನ ಬೇಕಲೇ ನಿನಗ?” ಅಂದಳು ಅಕ್ಕ. “ಅರ್ಥ ಮಾಸ್ತರ ನೋಡ್ಕೊಂತಾರ.”

ನಾಳೆಯೇ ಡಿಕ್ಷನರಿ ಬರುತ್ತದೆ ಎನ್ನುವ ಹಾಗೆ ಗೋಡೆಯ ಗೂಡನ್ನು ಒರೆಸಿ, ಹಳೆ ಪೇಪರು ಹಾಸಿ ಇಟ್ಟಳು.

ಸೋಮವಾರ ನಾನು ಎದ್ದು ನಿಂತು ಓದಿದೆ. ಡುಕ್ ಅನ್ನುವಾಗ ಹಿಂದಿನ ಸಾಲಿನವರು ನಕ್ಕರು. ಗುಕ್ ಅನ್ನುವಾಗ ಇಡೀ ವರ್ಗ ನಕ್ಕಿತು. ಮಾಸ್ತರು ನಗಲಿಲ್ಲ. ಪಾಟಿ ತೆಗೆದುಕೊಂಡು ಒಂದೊಂದಾಗಿ ಹೊಡೆದುಹಾಕುತ್ತ ಹೋದರು, ಥೇಟ್ ಕಾರ್ಖಾನೆಯ ಚೆಕ್ಕರ್ ಹಾಗೆ. ಎರಡು ಶಬ್ದಗಳ ಹತ್ತಿರ ಸೀಮೆಸುಣ್ಣ ತಡೆಯಿತು. ಚೀಲದಿಂದ ತಮ್ಮದೇ ಹಳೆಯ ಡಿಕ್ಷನರಿ ತೆಗೆದು ಹಾಳೆ ತಿರುವಿದರು. ನುಕ್ ಎನ್ನುವ ಶಬ್ದ ಅದರಲ್ಲಿತ್ತು. ರುಕ್ ಕೂಡ ಇತ್ತು, ಅದು ಒಂದು ಜಾತಿಯ ಕಾಗೆಯಂತೆ. ಕೊನೆಗೆ ಉಳಿದವು ಏಳು. ಹದಿನೆಂಟು ಛಾಟ್. ನನ್ನ ಪಕ್ಕದ ಹುಡುಗ ಬೆಲ್, ಟೆಲ್, ಸೆಲ್ ಎಂದು ಎಂಟು ಬರೆದು ತಂದಿದ್ದ. ಶಾಲೆಯ ಡಿಕ್ಷನರಿ ಅವನ ಚೀಲ ಸೇರಿತು.

“ಇಷ್ಟೆಲ್ಲಾ ಯಾರ ಹೇಳಿಕೊಟ್ಟರೋ ನಿನಗ?” ಎಂದು ಮಾಸ್ತರು ಕೇಳಿದರು.

ಮೇಜಿನ ಮೇಲೆ ಛಡಿ ಇತ್ತು. ಕಥೆಗಳಲ್ಲಿ ಬರುವ ಹುಡುಗರಾಗಿದ್ದರೆ ‘ನಾನೇ ಬರೆದೆ’ ಎಂದು ಕೈಚಾಚುತ್ತಿದ್ದರೇನೋ. ನಾನು ಕೈ ಹಿಂದಕ್ಕೆ ಕಟ್ಟಿಕೊಂಡು, “ಅಕ್ಕ ಹೇಳ್ಯಾಳರಿ, ನಂದೇನೂ ತಪ್ಪಿಲ್ಲರಿ” ಅಂದುಬಿಟ್ಟೆ. ಮಾಸ್ತರು ಪಾಟಿಯನ್ನು ಇನ್ನೊಮ್ಮೆ ನೋಡಿದರು.

ಮನೆಗೆ ಹೋದಾಗ ಅಕ್ಕ ನನ್ನ ಚೀಲವನ್ನು ನೋಡಿದಳು. ಅದು ಚಪ್ಪಟೆಯಾಗಿತ್ತು. ಆದದ್ದನ್ನೆಲ್ಲ ಹೇಳಿದೆ, ಅವಳ ಹೆಸರು ಹೇಳಿದ್ದೊಂದನ್ನು ಬಿಟ್ಟು. ಅವಳು “ಹೋಗ್ಲಿ ಬಿಡು” ಅಂದಳು. ಆಮೇಲೆ ಸುತ್ತಿದ ಬೀಡಿಯ ತುದಿ ಮಡಚಲು ಮರೆತು, ತಂಬಾಕೆಲ್ಲ ಮೊರಕ್ಕೆ ಚೆಲ್ಲಿಕೊಂಡಳು.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಮಾಸ್ತರು ನಮ್ಮ ಮನೆಯ ಮುಂದೆ ಸೈಕಲ್ ನಿಲ್ಲಿಸಿದರು. ಈಗ ಎಲ್ಲ ಹೊರಗೆ ಬೀಳುತ್ತದೆ ಎಂದು ನಾನು ಕಂಬದ ಹಿಂದೆ ಸರಿದೆ. ಅಪ್ಪ ಚಾಪೆ ಹಾಸಿದ. ಮಾಸ್ತರು ಕೂತು, ಕಂಕುಳಲ್ಲಿದ್ದ ಹಳೆಯ ಡಿಕ್ಷನರಿಯನ್ನು ಅಕ್ಕನ ಕಡೆ ಸರಿಸಿದರು. ಶಾಲೆಯದಲ್ಲ, ಅವರದೇ. ರಟ್ಟು ಹರಿದು, ಬೆನ್ನಿಗೆ ಬಟ್ಟೆ ಅಂಟಿಸಿದ್ದರು.

“ಎರಡ ಶಬ್ದ ನನಗೂ ಗೊತ್ತಿರಲಿಲ್ಲವ್ವಾ” ಅಂದರು. “ಉಳದ ಹದಿನೆಂಟು ಇದರಾಗ ಅದಾವೋ ಇಲ್ಲೋ ನೀನ ಹುಡುಕಿ ನೋಡು. ಒಂದ ವಾರ ನಿನ್ನ ಕಡೆ ಇರಲಿ.”

ಅಕ್ಕ ಅದನ್ನು ಮುಟ್ಟಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದಳು, ಮೂಸಿ ನೋಡಿದಳು, ಮತ್ತೆ ತೊಳೆದಳು. ತಂಬಾಕಿನ ಘಾಟು ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಅವಳು ಬರುವಷ್ಟರಲ್ಲಿ ಅಪ್ಪ ತನ್ನ ಚಿಂತೆ ತೆಗೆದಿದ್ದ. ವಾರದ ಮಾಲು ಕಾರ್ಖಾನೆಗೆ ಮುಟ್ಟಬೇಕು, ಹುಡುಗಿ ಪುಸ್ತಕ ಹಿಡಿದು ಕೂತರೆ ಹೇಗೆ ಎಂದು. ಅಕ್ಕ ಒದ್ದೆ ಕೈಯಲ್ಲಿ ಬಾಗಿಲಲ್ಲೇ ನಿಂತಳು. ಮಾಸ್ತರು ಡಿಕ್ಷನರಿಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಓದು ಬರಹ ಬಾರದ ಅಪ್ಪ ಆ ಪುಸ್ತಕವನ್ನೇ ನೋಡುತ್ತ ಕೇಳಿದ: “ನಿಮಗೂ ಗೊತ್ತಿರದಂಥಾ ಶಬ್ದ ಯಾವದ್ರಿ ಅದು?”

“ನುಕ್. ಅಂದ್ರ ಮೂಲಿ.”

ಅಪ್ಪ ಪಡಸಾಲೆಯ ಮೂಲೆಯ ಕಡೆ ನೋಡಿದ. ಅಕ್ಕ ಒರಗಿ ಒರಗಿ ಅಲ್ಲಿ ಗೋಡೆಯ ಸುಣ್ಣ ಸವೆದು ಮಣ್ಣು ಕಾಣುತ್ತಿತ್ತು. ಆಮೇಲೆ ಎದ್ದು ಹೋಗಿ ಅಲ್ಲೇ ಕೂತು, ಮೊರವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡ.

“ಹುಡುಕವಾ” ಅಂದ, ಅಕ್ಕನತ್ತ ನೋಡದೆ.

ನೇಗಿಲು ಹಿಡಿದ ದಪ್ಪ ಬೆರಳುಗಳವು. ಅವನು ಸುತ್ತಿದ ಬೀಡಿಗಳು ಒಂದು ಬಾಳೆಕಾಯಿಯಂತೆ, ಒಂದು ಗುಂಡುಸೂಜಿಯಂತೆ ಇದ್ದವು. ಆ ವಾರ ಚೆಕ್ಕರ್ ಎಸೆದಷ್ಟು ಛಾಟ್ ಅದಕ್ಕೆ ಮುಂಚೆಯಾಗಲಿ ಆಮೇಲಾಗಲಿ ನಮ್ಮ ಮನೆಯ ಮಾಲಿನಲ್ಲಿ ಬಂದಿಲ್ಲ.

ಮಕ್ಕಳೇ, ಮೊನ್ನೆ ನೀವು ಫೋನಿಗೆ ಶಬ್ದದ ಕೊನೆಯ ಮೂರು ಅಕ್ಷರ ಕೊಟ್ಟಿರಿ. ಒಂದೇ ಉದ್ದದ, ಒಂದೇ ರೀತಿ ಮುಗಿಯುವ ಶಬ್ದಗಳು ನಾನು ಕನ್ನಡಕ ಏರಿಸುವುದರೊಳಗೆ ಸಾಲಾಗಿ ಬಂದು ನಿಂತವು. ಒಂದೂ ತಪ್ಪಿರಲಿಲ್ಲ. ಹೀಗೇ ಬೆರಳಾಡಿಸುತ್ತ ಪರದೆ ನೋಡುತ್ತಿದ್ದರೆ ಕಣ್ಣು ಹಾಳಾದೀತೆಂದು ನಾನು ಅಭ್ಯಾಸದಂತೆ ಚಿಂತೆ ಮಾಡಿದೆ. ನೀವು ಅಭ್ಯಾಸದಂತೆ ಕೇಳಿಸಿಕೊಳ್ಳಲಿಲ್ಲ. ಫೋನು ಒಳ್ಳೆಯದೇ, ನಮಗೂ ಇದ್ದಿದ್ದರೆ ನಾನು ಆ ದಿನ ವರ್ಗದಲ್ಲಿ ಗುಕ್ ಎಂದು ಓದುತ್ತಿರಲಿಲ್ಲ.

ಅಕ್ಕ ಆ ಹದಿನೆಂಟನ್ನೂ ಹುಡುಕಿದಳು. ಒಂದೂ ಸಿಗಲಿಲ್ಲ. ಹುಡುಕುವ ದಾರಿಯಲ್ಲಿ ಎದುರಾದ ಬೇರೆ ಶಬ್ದಗಳನ್ನೆಲ್ಲ ನನ್ನ ಪಾಟಿಯ ಮೇಲೆ ಬರೆದಳು, ಒರೆಸಿದಳು, ಮತ್ತೆ ಬರೆದಳು. ನಿಮ್ಮ ಫೋನಿಗೆ ಆ ಕೆಲಸಕ್ಕೆ ಒಂದು ಸೆಕೆಂಡೂ ಬೇಡ. ಅಕ್ಕನಿಗೆ ಏಳು ದಿನ ಹಿಡಿಯಿತು. ಆ ಏಳು ದಿನ ಅವಳು ಒಂದೂ ಬೀಡಿ ಕಟ್ಟಲಿಲ್ಲ.