ಹಾಳೆಯ ಎಡಭಾಗ

ಮಟಮಾರಿಯ ಉರುಕುಂದಪ್ಪ ೧೯೭೬ರಲ್ಲಿ ದೂರದ ವಿಶ್ವವಿದ್ಯಾಲಯವೊಂದರ ನಾರುಹುಣ್ಣಿನ ಸಮೀಕ್ಷೆಗೆ ಸಹಾಯಕನಾಗಿ ಸೇರಿದ. ಅಂದಿನಿಂದ ಮಾನ್ವಿ, ದೇವದುರ್ಗ ತಾಲ್ಲೂಕುಗಳ ಮೆಟ್ಟಿಲಬಾವಿಗಳನ್ನು ಸೈಕಲ್ಲಿನ ಮೇಲೆ ಸುತ್ತುವುದೇ ಅವನ ಬದುಕಾಯಿತು. ಹುಣ್ಣಾದ ಕಾಲಿನಿಂದ ಬಿಳಿ ದಾರದಂತೆ ಹೊರಬರುವ ಹುಳು, ನೀರಿಗಿಳಿದ ಒಂದೇ ಕಾಲಿನಿಂದ ಆ ಬಾವಿಯ ನೀರು ಕುಡಿಯುವ ಊರಿಗೆಲ್ಲ ಹರಡುತ್ತಿತ್ತು.

ಹುಣ್ಣಾದವರು ಹೇಳಿಕೊಳ್ಳಲು ನಾಚುತ್ತಿದ್ದರು. ಹೆಸರು ಹೊರಗೆ ಹೋಗದೆಂದು ಮನೆಮನೆಗೂ ಮಾತು ಕೊಟ್ಟಿದ್ದ ಉರುಕುಂದಪ್ಪ, ತನ್ನ ಕಚ್ಚಾ ಪುಸ್ತಕದ ಹಾಳೆಯನ್ನು ನಡುವೆ ಮಡಚಿ ಎಡಕ್ಕೆ ಹೆಸರು, ಬಲಕ್ಕೆ ಬಾವಿ ಮತ್ತು ವರ್ಷ ಬರೆಯುತ್ತಿದ್ದ. ಅದರ ಶುದ್ಧಪ್ರತಿ ರಾಯಚೂರಿನ ಕಚೇರಿಯ ಬೀರು ಸೇರುತ್ತಿತ್ತು. ಕಚ್ಚಾ ಪುಸ್ತಕ ಅವನ ಟ್ರಂಕಿನಲ್ಲೇ ಉಳಿಯುತ್ತಿತ್ತು.

೧೯೮೪ರ ಜನವರಿಯಲ್ಲಿ ಇನ್ನೊಂದು ವಿಶ್ವವಿದ್ಯಾಲಯದಿಂದ ಡಾಕ್ಟರ್ ಜಾಹೆದಾ ಬಂದರು. ಬೇಸಿಗೆ ಏರುವ ಮೊದಲು ಮಾನ್ವಿ ತಾಲ್ಲೂಕಿನ ಐದು ಬಾವಿಗಳ ಮೆಟ್ಟಿಲು ಮುಚ್ಚಿಸಬೇಕಿತ್ತು. ಯಾವ ಐದು ಎಂದು ತಿಳಿಯಲು ಹಳೆಯ ಅಂಕಿಗಳನ್ನು ಕೇಳಿ ಅವರು ಉರುಕುಂದಪ್ಪನ ಸಮೀಕ್ಷೆಯ ಮುಖ್ಯಸ್ಥರಾದ ಪ್ರೊಫೆಸರರಿಗೆ ಮೂರು ಪತ್ರ ಬರೆದರು. ಲೇಖನ ಅಚ್ಚಾಗುವವರೆಗೆ ಕೊಡಲಾಗದು ಎಂಬುದು ಮೊದಲ ಉತ್ತರ. ಮೇಲಿನವರ ಅಪ್ಪಣೆ ಬೇಕೆಂಬುದು ಎರಡನೆಯದು. ರೋಗಿಗಳ ಗುಟ್ಟು ಕಾಯಬೇಕೆಂಬುದು ಮೂರನೆಯದು. ಕಚೇರಿಗೆ ಬಂದ ಅವುಗಳ ನಕಲನ್ನು ಒಂದೊಂದಾಗಿ ಓದಿದರೆ ಉರುಕುಂದಪ್ಪನಿಗೆ ಸರಿಯೆನಿಸುತ್ತಿತ್ತು. ಮೂರನ್ನೂ ಜೊತೆಗಿಟ್ಟರೆ ತಲೆ ಕೆಡುತ್ತಿತ್ತು.

ಅವನ ತಂಗಿ ಆದೆಮ್ಮನನ್ನು ಕೊಟ್ಟಿದ್ದುದು ಬಾಗಲವಾಡಕ್ಕೆ. ಹಿಂದಿನ ವರ್ಷ ಯಾರೋ ಬಂದು ಕಾಲುಗಳ ಫೋಟೋ ತೆಗೆದಿದ್ದರಿಂದ ಅಲ್ಲೀಗ ಯಾರೂ ಬಾಯಿ ಬಿಡುತ್ತಿರಲಿಲ್ಲ. ಹಳೆಯ ಅಂಕಿ ಸಿಗದಿದ್ದರೆ ಆ ಊರಿನ ಬಾವಿ ಐದರ ಪಟ್ಟಿಯಲ್ಲಿ ಬರುವಂತಿರಲಿಲ್ಲ. ಅವನು ಹೋದಾಗ ಆದೆಮ್ಮ ಕಣಕಾಲಿಗೆ ಬಟ್ಟೆ ಸುತ್ತಿಕೊಂಡು ಕುಂಟುತ್ತಿದ್ದಳು.

"ಮುಳ್ಳು ಚುಚ್ಚ್ಯಾದ ಯಣ್ಣಾ, ಅಷ್ಟೆ. ನೀ ಬರಕೋಬ್ಯಾಡ."

ಅವನು ಬರೆದುಕೊಳ್ಳಲಿಲ್ಲ. ಮನೆಗೆ ಬಂದು ಟ್ರಂಕು ತೆಗೆದು, ಹಾಳೆಗಳನ್ನು ಮಡಿಕೆಯ ಗುಂಟ ಕತ್ತರಿಸಿ, ಬಲಭಾಗಗಳನ್ನು ಮಾತ್ರ ಜಾಹೆದಾ ಇಳಿದುಕೊಂಡಿದ್ದ ಮಾನ್ವಿಗೆ ಒಯ್ದ.

ಜಾಹೆದಾ ಮೊದಲ ಕಟ್ಟು ನೋಡಿ ತಲೆ ಕೆರೆದುಕೊಂಡರು. "ಈ ಬಾವಿಗೆ ಮೂರು ವರ್ಷಾನೂ ಒಂಬತ್ತೊಂಬತ್ತು ಸಾಲು ಅದಾವ. ಅವರೇ ಇವರೋ, ಬ್ಯಾರೆಯವರೋ? ಹೊಸಬರಿದ್ರ ರೋಗ ಹಬ್ಬಾಕತ್ತದ ಅಂತ ಅರ್ಥ. ಹೆಸರಿಲ್ಲದ ಹೆಂಗ ತಿಳೀಬೇಕ್ರಿ?"

"ಹೆಸರು ಕೊಡೂದಿಲ್ರಿ ಡಾಕ್ಟ್ರಮ್ಮಾರೆ."

"ನೀವೂ ನಿಮ್ಮ ಸಾಹೇಬ್ರಂಗೇ ಆದ್ರಲ್ಲ" ಎಂದು ಅವರು ನಕ್ಕರು.

ಉರುಕುಂದಪ್ಪ ತಬ್ಬಿಬ್ಬಾದ. ಮಾತು ನಿಜವೇ ಆಗಿತ್ತು. ಮರುದಿನ ಎಡಭಾಗಗಳನ್ನೂ ತಂದು, ತನ್ನ ತೊಡೆಯ ಮೇಲಿಟ್ಟುಕೊಂಡು ಎದುರು ಕುಳಿತ. ಅವರು ಸಾಲು ಓದಿದಂತೆ ಇವನು ತನ್ನ ತುಂಡು ನೋಡಿ "ಹಳಬರು", "ಹೊಸಬರು" ಎಂದಷ್ಟೇ ಹೇಳುತ್ತ ಹೋದ. ಹೀಗೆ ನಾಲ್ಕು ದಿನ ಹಿಡಿಯಿತು. ಕೊನೆಗೆ ಬಾಗಲವಾಡ ಬಂತು.

"ಈ ವರ್ಷ ಇಲ್ಲಿ ಏನೂ ಇಲ್ಲೇನ್ರಿ?"

ಅವನ ಹಾಳೆ ಖಾಲಿಯಿತ್ತು. "ಒಬ್ಬರು ಅದಾರ" ಎಂದ, ತಡವರಿಸಿ. "ಹೊಸಬರು."

ಜಾಹೆದಾ ಯಾರೆಂದು ಕೇಳದೆ ಬರೆದುಕೊಂಡರು. ಪಟ್ಟಿಯಲ್ಲಿ ಆ ಬಾವಿ ನಾಲ್ಕನೆಯದಾಯಿತು.

ಮಾರ್ಚಿನಲ್ಲಿ ಬಾಗಲವಾಡದ ಮೆಟ್ಟಿಲುಗಳಿಗೆ ಗೋಡೆ ಏಳುತ್ತಿದ್ದಾಗ ಪ್ರೊಫೆಸರರ ಪತ್ರ ಬಂತು. ಕಚೇರಿಯ ಮಾಹಿತಿಯನ್ನು ಹೊರಗಿನವರಿಗೆ ಕೊಟ್ಟಿದ್ದೀರಾ? ಹೌದು ಅಥವಾ ಇಲ್ಲ ಎಂದು ತಿಳಿಸತಕ್ಕದ್ದು.

ಎಡಭಾಗಗಳು ಟ್ರಂಕಿನಲ್ಲೇ ಇದ್ದವು; ಕೊಟ್ಟ ಬಲಭಾಗಗಳು ಕಚೇರಿಯ ಶುದ್ಧಪ್ರತಿಯವಲ್ಲ, ತನ್ನ ಕಚ್ಚಾ ಪುಸ್ತಕದವು. ಬಾಯಿಂದ ಹೇಳಿದ್ದು ಕೊಟ್ಟಂತಾಯಿತೇ, ಬರೆಯದ ತಂಗಿಯ ಕಾಲು ಕಚೇರಿಯ ಮಾಹಿತಿಯಾಗುತ್ತದೆಯೇ? ಉರುಕುಂದಪ್ಪ "ಹೌದು" ಎಂದು ಬರೆದ, ಹೊಡೆದು ಹಾಕಿ "ಇಲ್ಲ" ಎಂದ, ಅದನ್ನೂ ಹೊಡೆದ. ಆಮೇಲೆ ಹೊಸ ಹಾಳೆ ತೆಗೆದುಕೊಂಡು, ಅಭ್ಯಾಸಬಲದಿಂದ ಅದನ್ನು ನಡುವೆ ಮಡಚಿ, ಎಡಕ್ಕೆ "ಇಲ್ಲ", ಬಲಕ್ಕೆ "ಹೌದು" ಎಂದು ಬರೆದ.