ಯಾರೂ ಬಾರದ ಕೆರೆ

ಟೈಲರ್ ಮಾಸ್ತರರ ಕೈಗೆಲಸದ ಬಗ್ಗೆ ಯಾರೂ ಬೆರಳೆತ್ತಿ ತೋರಿಸುವ ಹಾಗಿರಲಿಲ್ಲ. ಅವರು ಹೊಲಿದ ಕೋಟು ತೊಟ್ಟರೆ ಬಾಗಿದ ಬೆನ್ನೂ ನೆಟ್ಟಗಾಗುತ್ತಿತ್ತು. ತೊಡೋದಕ್ಕೆ ಅದು ಕೈಗೆ ಸಿಗಬೇಕಿತ್ತು, ಅಷ್ಟೇ. "ನಾಳೆ ಬನ್ನಿ, ಗುಂಡಿ ಮಾತ್ರ ಬಾಕಿ" ಅನ್ನುವುದು ಅವರಿಗೆ ಬಾಯಿಪಾಠ. ಹಾಗಂತ ಮನುಷ್ಯ ಸುಳ್ಳುಗಾರನಲ್ಲ. ಗಿರಾಕಿಯ ಮುಖ ನೋಡಿದರೆ ಕರುಳು ಚುರುಕ್ಕೆನ್ನುತ್ತಿತ್ತು, ಆಗೋದಿಲ್ಲ ಅನ್ನಲು ನಾಲಿಗೆ ಏಳುತ್ತಿರಲಿಲ್ಲ. ಊರ ಬಾಯಲ್ಲಿ ಅವರು 'ನಾಳೆ ಮಾಸ್ತರ್' ಆಗಿಬಿಟ್ಟಿದ್ದರು.

ಆ ಬೇಸಿಗೆಯಲ್ಲಿ ಅಂಗಡಿಯ ತಗಡಿನ ಮಾಡು ಎಷ್ಟು ಕಾದಿತ್ತೆಂದರೆ, ಇಸ್ತ್ರಿಪೆಟ್ಟಿಗೆಗೆ ಕೆಂಡ ಬೇಕೋ ಬೇಡವೋ ಅನ್ನುವಂತಿತ್ತು. ಶನಿವಾರ ಸಂಜೆ ಭಾವಮೈದುನ ಮನೆಗೆ ಬಂದ. ಬ್ರೆಡ್ಡಿನ ವ್ಯಾನು ಓಡಿಸುವವನು, ಮೀನು ಹಿಡಿಯುವ ಹುಚ್ಚಿನವನು.

"ಭಾವ, ನಾಳೆ ವ್ಯಾನು ನನ್ನ ಹತ್ರಾನೇ ಇರುತ್ತೆ. ಮೂವರಿಗೂ ಗಾಳ ತಂದಿದ್ದೀನಿ. ಯಾವ ಕೆರೆಗೆ ಹೋಗೋಣ, ನೀವೇ ಹೇಳಿ."

"ದೊಡ್ಡ ಕೆರೆಗೆ" ಎಂದಳು ಹೆಂಡತಿ, ಪಾತ್ರೆ ಒರೆಸುತ್ತಾ. "ನೆರಳಿದೆ, ಕೂರೋಕೆ ಬೆಂಚೂ ಇದೆ."

ಮಾಸ್ತರರ ಕಣ್ಮುಂದೆ ಕೆರೆ ಬರಲಿಲ್ಲ, ಬ್ಯಾಂಕಿನ ಮ್ಯಾನೇಜರ್ ಬಂದರು. ಭಾನುವಾರ ಅವರು ಅಲ್ಲೇ ವಾಕಿಂಗ್ ಮಾಡುವುದು. ಅವರ ಪ್ಯಾಂಟು ಚಳಿಗಾಲದಿಂದ ಅಂಗಡಿಯ ಗೂಟದಲ್ಲಿ ಒಂದೇ ಕಾಲಿನಲ್ಲಿ ನೇತಾಡುತ್ತಿತ್ತು.

"ಬೇಡ, ಅಲ್ಲಿ ನೀರು ತೀರಾ ಬಗ್ಗಡ. ಹುಳ ಇರೋದೇ ಮೀನಿಗೆ ಕಾಣಲ್ಲ."

"ಹಾಗಾದ್ರೆ ಶಾಲೆ ಹಿಂದಿನ ಕೆರೆ?" ಎಂದ ಭಾವಮೈದುನ.

ಅದರ ದಂಡೆಯಲ್ಲೇ ಹೆಡ್ಮಿಸ್ಸಿನ ಮನೆ. ಅವರ ಕೋಟಿಗೆ ತೋಳೇ ಬಂದಿರಲಿಲ್ಲ.

"ಅಲ್ಲಿ ಗಾಳಿ ಸರಿಯಿಲ್ಲ ಕಣೋ."

"ರೈಲು ಹಳಿ ಪಕ್ಕದ್ದು?"

ಅಲ್ಲಿ ರಜೆಯ ದಿನ ಬ್ಯಾಂಡಿನವರು ಅಭ್ಯಾಸ ಮಾಡುತ್ತಿದ್ದರು. ಇಡೀ ಬ್ಯಾಂಡಿನ ಕೆಂಪು ಅಂಗಿಗಳು ಮಾಸ್ತರರ ಬೀರುವಿನಲ್ಲಿ ತುಂಡುತುಂಡಾಗಿ ಮಲಗಿದ್ದವು.

"ಆ ತುತ್ತೂರಿ ಸದ್ದಿಗೆ ಮೀನು ಹತ್ರ ಬರುತ್ತಾ?" ಎಂದರು. ಆ ಸಂಜೆ ಅವರು ಕೊಟ್ಟ ಕಾರಣಗಳಲ್ಲಿ ನಿಜವಾದದ್ದು ಇದೊಂದೇ.

ಹೆಂಡತಿ ಒರೆಸುವ ಬಟ್ಟೆ ಕೆಳಗಿಟ್ಟಳು. "ಅಲ್ಲಾ, ನೀವು ಹೊರಟಿರೋದು ಮೀನು ಹಿಡಿಯೋಕೋ, ಮೀನಿನ ಥರ ಬಲೆ ತಪ್ಪಿಸ್ಕೊಳ್ಳೋಕೋ?"

ಕೊನೆಗೆ ಮಾಸ್ತರ್ ತಾವೇ ಹೇಳಿದರು: "ಹಳೇ ಕಲ್ಲುಕ್ವಾರಿ ಕೆರೆ."

"ಅಲ್ಲಿ ಕಪ್ಪೆ ಕೂಡ ಇಲ್ಲ ಭಾವ! ಒಂದು ನರಪಿಳ್ಳೆ ಹೋಗಲ್ಲ!"

"ಅದೇ ಬೇಕಾಗಿರೋದು."

ಬೆಳಿಗ್ಗೆ ವ್ಯಾನು ಕಲ್ಲುದಾರಿಯಲ್ಲಿ ಕುಣಿದು ಕುಣಿದು ಅಲ್ಲಿಗೆ ಮುಟ್ಟಿತು. ಮಾಸ್ತರ್ ನಿರಾಳವಾಗಿ ಕೆಳಗಿಳಿದರು, ನೋಡಿದರೆ ದಂಡೆಯಲ್ಲಿ ಕಪ್ಪು ಛತ್ರಿ! ಛತ್ರಿಯ ಕೆಳಗಿದ್ದವನು ತಿರುಗಿ ನೋಡಿ ಎದ್ದು ಓಡಲು ಹೋದ. ಗಾಳದ ದಾರ ಕಾಲಿಗೆ ಸುತ್ತಿಕೊಂಡು ಅಲ್ಲೇ ಕುಕ್ಕರಿಸಿದ. ಊರಿನ ಬಡಗಿ! ಮಾಸ್ತರರಿಗೆ ಬಟ್ಟೆ ಕತ್ತರಿಸುವ ಮೇಜು ಮಾಡಿಕೊಡುತ್ತೇನೆಂದು ಎರಡು ಬೇಸಿಗೆ ಕಳೆದವನು.

ಮಾಸ್ತರರಿಗೆ ಜೀವಮಾನದಲ್ಲೇ ಮೊದಲ ಸಲ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವ ಯೋಗ ಬಂತು. "ಎಲ್ಲಪ್ಪಾ ನನ್ನ ಮೇಜು?"

"ಮರ ಒಣಗ್ಬೇಕು ಮಾಸ್ತರೇ. ನಾಳೆ..." ಎಂದವನು ಸುಧಾರಿಸಿಕೊಂಡು ಕೇಳಿದ: "ಅದಿರ್ಲಿ, ನನ್ನ ಅಂಗಿ?"

ಸೊಂಟದ ಮೇಲಿನ ಕೈ ಮೆಲ್ಲಗೆ ಕೆಳಗಿಳಿಯಿತು.

"ದೊಡ್ಡ ಕೆರೆಗೆ ಹೋಗ್ಬಹುದಿತ್ತಲ್ಲ ನೀನು?" ಎಂದರು ಮಾಸ್ತರ್.

"ಮ್ಯಾನೇಜರ್ ಇರ್ತಾರಲ್ಲ. ನಮ್ಮನೆ ಬಾಗಿಲು ಎಲ್ಲಿ ಅಂತಾರೆ."

ಮಾಸ್ತರ್ ಛತ್ರಿಯ ನೆರಳಿಗೆ ಹೋಗಿ ಕೂತರು. ಇಬ್ಬರಿಗೂ ಮಾತು ಸಿಕ್ಕಿಬಿಟ್ಟಿತು. ಗಿರಾಕಿಗಳಿಗೆ ತಾಳ್ಮೆಯೇ ಇಲ್ಲವೆಂದು ಒಬ್ಬರು ಹೇಳುವುದು, ಇನ್ನೊಬ್ಬರು ತಲೆಯಾಡಿಸುವುದು. ಅಷ್ಟರಲ್ಲಿ ಹೆಂಡತಿ ಕೂಗಿದಳು. ಸುಮ್ಮನೆ ಹಿಡಿದುಕೊಂಡಿದ್ದ ಅವಳ ಗಾಳಕ್ಕೆ ಮೀನು ಬಿದ್ದಿತ್ತು! ಕಪ್ಪೆಯೂ ಇಲ್ಲದ ಕೆರೆಯಲ್ಲಿ!

"ಒಂದು ಗೇಣಿದೆ" ಎಂದರು ಮಾಸ್ತರ್.

"ಎಲ್ಲಿ? ಗೇಣಿಗೆ ಎರಡು ಬೆರಳು ಕಮ್ಮಿ" ಎಂದ ಬಡಗಿ.

ವೃತ್ತಿಯ ಮಾನದ ಪ್ರಶ್ನೆ. ಮಾಸ್ತರ್ ಜೇಬಿನಿಂದ ಟೇಪು ತೆಗೆದರು, ಬಡಗಿ ಮಡಿಸುವ ಅಳತೆಪಟ್ಟಿ ಬಿಚ್ಚಿದ. "ಬಾಲ ಎಳಿ", "ಬಾಲ ಲೆಕ್ಕಕ್ಕಿಲ್ಲ", "ಯಾಕಿಲ್ಲ?" ಎಂದು ಇಬ್ಬರೂ ಮೀನಿನ ಒಂದೊಂದು ತುದಿ ಹಿಡಿದು ಎಳೆದಾಡುವಾಗ ಅದು ಒಮ್ಮೆ ಕೊಸರಿ, ಅಳತೆಪಟ್ಟಿಯ ಮೇಲೇ ಜಾರಿ, ಪುಳಕ್ಕನೆ ನೀರು ಸೇರಿತು.

ಭಾವಮೈದುನ ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಂಡತಿ ನಗಲಿಲ್ಲ. "ಕೊನೆಗೂ ಒಂದು ಕೆಲಸ ತಕ್ಷಣ ಮುಗಿಸಿದ್ರಿ ಇಬ್ಬರೂ" ಎಂದಳು. ಇಬ್ಬರನ್ನೂ ದೂರದ ಬಂಡೆಗೆ ಓಡಿಸಿ, ಛತ್ರಿಯನ್ನು ತಾನೇ ಎಳೆದುಕೊಂಡು ಕೂತಳು.

ಸಂಜೆಯೊಳಗೆ ಅವಳಿಗೆ ಇನ್ನೆರಡು ಮೀನು ಸಿಕ್ಕವು. ಅವು ಎಷ್ಟುದ್ದ ಇದ್ದವೋ, ಬುಟ್ಟಿಯ ಮುಚ್ಚಳದ ಮೇಲೆ ಅವಳೇ ಕೂತಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.